ಬಿ ಚಿತ್ರವೆಂದರೆ ಕೀಳು ಚಿತ್ರವಲ್ಲ

ಸಂಪಾದಕರಿಗೆ,

ಮಾನ್ಯರೇ,

ಹೋದ ವಾರದ ನಿಮ್ಮ ಸಿನಿಮಾ ಪುರವಣಿಯಲ್ಲಿ 1940 ಮತ್ತು 50ರ ದಶಕದ ಹಾಲಿವುಡ್ ನಟಿಯರ ಕುರಿತು ಅರ್ಧ ಪುಟದ ಬರಹ ಬಂದಿದೆ. ಇಷ್ಟು ಹಳೆಯ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಇಷ್ಟು ಜಾಗ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ತಲೆಬರಹದಲ್ಲೇ ‘ಬಿ ಗ್ರೇಡ್ ಬೆಡಗಿಯರು’ ಎಂದಿದೆ. ಒಳಗೆ ಮೇರಿ ವಿಂಡ್ಸರ್, ಆ್ಯನ್ ಸ್ಯಾವೇಜ್, ಬೆವರ್ಲಿ ಗಾರ್ಲಂಡ್ ಅವರ ಹೆಸರುಗಳು ‘ಅರೆಬೆತ್ತಲೆ ಚಿತ್ರಗಳ ತಾರೆಯರು’ ಎಂಬ ಸಾಲಿನ ಕೆಳಗೆ ಬಂದಿವೆ. ಪಕ್ಕದಲ್ಲಿ ಈಜುಡುಗೆಯ ಫೋಟೊ. ಈ ಮೂವರಲ್ಲಿ ಯಾರಿಗೂ ಆ ಮಾತು ಹೊಂದುವುದಿಲ್ಲ. ಬದುಕಿಡೀ ಕೂಲಿಯ ಲೆಕ್ಕದಲ್ಲಿ ದುಡಿದ ಹೆಂಗಸರ ಮೇಲೆ ಅವರು ಸತ್ತ ಮೇಲೆ ಇಂಥ ಮಸಿ ಬೀಳಬಾರದು. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇವೆ.

ಗೊಂದಲ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ನಮ್ಮಲ್ಲಿ ಹಂಚಿಕೆದಾರರು ಊರುಗಳನ್ನು ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್ ಎಂದು ವಿಂಗಡಿಸುತ್ತಾರೆ. ಬೆಂಗಳೂರು ಎ ಆದರೆ ಕೋಲಾರ, ಚಿಂತಾಮಣಿ ಬಿ, ಹೋಬಳಿಯ ಟೆಂಟು ಸಿ. ಅದು ಊರಿನ ವರ್ಗ. ಸೆನ್ಸಾರಿನವರು ಕೊಡುವ ‘ಎ’ ಸರ್ಟಿಫಿಕೇಟು ಬೇರೆ, ಅದು ನೋಡುವವರ ವಯಸ್ಸಿಗೆ ಸಂಬಂಧಪಟ್ಟದ್ದು. ಇವೆರಡರ ಜತೆಗೆ ಬೆಳಗಿನ ಆಟಕ್ಕೆ ಹಾಕುತ್ತಿದ್ದ ಕೆಲವು ಚಿತ್ರಗಳಿಂದಾಗಿ ‘ಬಿ ಗ್ರೇಡ್’ ಎಂಬ ಬೈಗುಳವೂ ಹುಟ್ಟಿಕೊಂಡಿದೆ. ಹಾಲಿವುಡ್‌ನ ‘ಬಿ’ ಈ ಮೂರಕ್ಕೂ ಸಂಬಂಧವಿಲ್ಲದ್ದು. ಒಂದೇ ಟಿಕೆಟ್‌ಗೆ ಎರಡು ಚಿತ್ರ ತೋರಿಸುವಾಗ ಎರಡನೆಯ ಜಾಗದಲ್ಲಿ ಕೂರಲು ತಯಾರಾದ ಚಿತ್ರ, ಅಷ್ಟೇ ಅದರ ಅರ್ಥ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಜನ ಕಡಿಮೆಯಾದಾಗ ಮಾಲೀಕರು ಜೋಡಿ ಚಿತ್ರ ತೋರಿಸತೊಡಗಿದರು. ಮೊದಲು ಸುದ್ದಿ ರೀಲು, ಆಮೇಲೆ ಕಾರ್ಟೂನು, ಒಂದು ಚಿಕ್ಕ ಚಿತ್ರ, ಬಿ ಚಿತ್ರ, ಕೊನೆಗೆ ದೊಡ್ಡ ತಾರೆಯರ ಎ ಚಿತ್ರ. ಒಟ್ಟು ಮೂರು ಗಂಟೆಗೂ ಮೇಲೆ. ಬಾಡಿಗೆಯ ವ್ಯವಸ್ಥೆಯೇ ಇಲ್ಲಿ ಮುಖ್ಯ. ಎ ಚಿತ್ರಕ್ಕೆ ಚಿತ್ರಮಂದಿರದವರು ಗಲ್ಲಾಪೆಟ್ಟಿಗೆಯ ಶೇಕಡಾವಾರು ಕೊಡಬೇಕು. ಬಿ ಚಿತ್ರಕ್ಕೆ ಮೊದಲೇ ಗೊತ್ತು ಮಾಡಿದ ಬಾಡಿಗೆ. ಹಾಲು ತುಂಬಿದರೂ ಅಷ್ಟೇ, ಖಾಲಿ ಕುರ್ಚಿಗಳಿಗೆ ತೋರಿಸಿದರೂ ಅಷ್ಟೇ. ಆದಾಯಕ್ಕೆ ಹೀಗೆ ಮುಚ್ಚಳ ಬಿದ್ದ ಮೇಲೆ ಲಾಭ ಹೆಚ್ಚಿಸಿಕೊಳ್ಳಲು ನಿರ್ಮಾಪಕನಿಗೆ ಉಳಿದ ದಾರಿ ಖರ್ಚು ಇಳಿಸುವುದೊಂದೇ. ನಟಿಯ ದಿನಗೂಲಿ, ಶೂಟಿಂಗಿನ ದಿನಗಳು, ಟೇಕ್‌ಗಳ ಸಂಖ್ಯೆ, ಸೆಟ್ಟಿನ ಗೋಡೆ, ಎಲ್ಲವೂ ಆ ಒಂದು ಲೆಕ್ಕದಿಂದ ಹುಟ್ಟಿದವು.

ಅಳತೆಯೂ ಅದೇ ರೀತಿ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 1000 ಅಡಿಯ ರೀಲು ಸುಮಾರು 11 ನಿಮಿಷ. ಬಿ ಚಿತ್ರಗಳು ಸಾಮಾನ್ಯವಾಗಿ 55ರಿಂದ 75 ನಿಮಿಷ, ಅಂದರೆ ಹೆಚ್ಚುಕಡಿಮೆ ಐದರಿಂದ ಏಳು ರೀಲು. ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂಬುದು ಅಲ್ಲಿನ ರೂಢಿಯ ಲೆಕ್ಕ. 65 ಪುಟದ ಕಥೆಯನ್ನು ಆರು ದಿನದಲ್ಲಿ ಮುಗಿಸಬೇಕಾದರೆ ದಿನಕ್ಕೆ 11 ಪುಟ ಬಾಯಿಗೆ ಬರಬೇಕು. ದೊಡ್ಡ ಚಿತ್ರದ ನಾಯಕಿಗೆ ದಿನಕ್ಕೆ ಎರಡು ಮೂರು ಪುಟ.

ಎಂಜಿಎಂ, ಪ್ಯಾರಮೌಂಟ್, ವಾರ್ನರ್, ಫಾಕ್ಸ್, ಆರ್‌ಕೆಒ ಎಂಬ ಐದು ದೊಡ್ಡ ಕಂಪನಿಗಳಿಗೆ ಸ್ವಂತ ಚಿತ್ರಮಂದಿರಗಳಿದ್ದವು. ಅವೂ ತಮ್ಮೊಳಗೇ ಬಿ ವಿಭಾಗ ಇಟ್ಟುಕೊಂಡಿದ್ದವು. ಬರೀ ಇಂಥ ಚಿತ್ರಗಳಿಂದಲೇ ಬದುಕುತ್ತಿದ್ದವರು ರಿಪಬ್ಲಿಕ್, ಮೊನೊಗ್ರಾಂ, ಪಿಆರ್‌ಸಿ ಮುಂತಾದ ಸಣ್ಣ ಕಂಪನಿಗಳವರು. ಆ ಗುಂಪಿಗೆ ‘ಪಾವರ್ಟಿ ರೋ’, ಅಂದರೆ ಬಡವರ ಸಾಲು ಎಂದೇ ಹೆಸರು. ರಿಪಬ್ಲಿಕ್‌ನಲ್ಲಿ ತಮ್ಮ ಚಿತ್ರಗಳಿಗೇ ನಾಲ್ಕು ದರ್ಜೆ ಮಾಡಿಕೊಂಡಿದ್ದರು. ಕೆಳಗಿನದರ ಹೆಸರು ಜುಬಿಲಿ. ಅದಕ್ಕೆ ಏಳು ದಿನ, ಸುಮಾರು 50,000 ಡಾಲರ್. ಆರ್‌ಕೆಒದಲ್ಲಿ ನಿರ್ಮಾಪಕ ವಾಲ್ ಲ್ಯೂಟನ್ ಅವರಿಗೆ ಕಂಪನಿ ಹಾಕಿದ ಕಟ್ಟಳೆ ಮೂರು: ಖರ್ಚು 1,50,000 ಡಾಲರ್ ಮೀರಬಾರದು, ಚಿತ್ರ 75 ನಿಮಿಷ ಮೀರಬಾರದು, ಚಿತ್ರದ ಹೆಸರನ್ನು ಕಂಪನಿಯೇ ಕೊಡುತ್ತದೆ. ಆ ಕಟ್ಟಳೆಯೊಳಗೇ 1942ರಲ್ಲಿ ‘ಕ್ಯಾಟ್ ಪೀಪಲ್’ ಬಂತು. ಅದರಲ್ಲಿ ಕಾಣುವ ಭಾರಿ ಮೆಟ್ಟಿಲು ಅದೇ ಕಂಪನಿಯ ಬೇರೊಂದು ದೊಡ್ಡ ಚಿತ್ರಕ್ಕೆ ಕಟ್ಟಿ ಬಿಟ್ಟಿದ್ದ ಸೆಟ್ಟು.

‘ಅರೆಬೆತ್ತಲೆ’ ಎಂಬ ಮಾತಿಗೆ ಬರೋಣ. 1934ರಿಂದ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಎಂಬ ನೀತಿ ಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂತು. ಕಥೆ, ಮಾತು, ಉಡುಪು ಎಲ್ಲವನ್ನೂ ಅದರ ಕಚೇರಿಯೇ ನೋಡಿ ಮುದ್ರೆ ಹಾಕಬೇಕು. ಮುದ್ರೆಯಿಲ್ಲದ ಚಿತ್ರವನ್ನು ಚಿತ್ರೋದ್ಯಮಿಗಳ ಸಂಘದ ಸದಸ್ಯ ಕಂಪನಿಗಳು ತೋರಿಸಿದರೆ 25,000 ಡಾಲರ್ ದಂಡ. ಎ ಚಿತ್ರಕ್ಕೊಂದು, ಬಿ ಚಿತ್ರಕ್ಕೊಂದು ಎಂದು ಬೇರೆ ಬೇರೆ ನಿಯಮ ಇರಲಿಲ್ಲ. ನೀವು ಹಾಕಿರುವಂಥ ಈಜುಡುಗೆಯ ಫೋಟೊಗಳು ಚಿತ್ರಗಳಿಂದ ತೆಗೆದವಲ್ಲ. ಕಂಪನಿಯ ಪ್ರಚಾರ ವಿಭಾಗದವರು ಪತ್ರಿಕೆಗಳಿಗೆ ಹಂಚಲು ಸ್ಟುಡಿಯೋದಲ್ಲೋ ಕಡಲ ದಂಡೆಯಲ್ಲೋ ನಿಲ್ಲಿಸಿ ತೆಗೆಸುತ್ತಿದ್ದರು. ಕರಾರಿನಲ್ಲಿ ಪ್ರಚಾರಕ್ಕೆ ನಿಲ್ಲುವುದೂ ಕೆಲಸದ ಭಾಗ. ದೊಡ್ಡ ತಾರೆಯರೂ ಹೊಸದರಲ್ಲಿ ಹೀಗೆಯೇ ನಿಂತವರು.

ಆ ಕರಾರನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ನಟಿಯರ ಬಾಳು ಹೇಗಿತ್ತೆಂಬುದು ಅದರಲ್ಲೇ ಇದೆ. ಮಾಮೂಲಿ ಕರಾರು ಏಳು ವರ್ಷದ್ದು. ಕೇಳಲು ಭದ್ರವಾಗಿ ಕಾಣುತ್ತದೆ. ಆದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ‘ಆಪ್ಷನ್’ ಬರುತ್ತದೆ. ಮುಂದುವರಿಸುವ ಅಥವಾ ಬಿಡುವ ಹಕ್ಕು ಕಂಪನಿಗೆ ಮಾತ್ರ. ನಟಿಗೆ ಏಳು ವರ್ಷದ ಕಟ್ಟು, ಕಂಪನಿಗೆ ಆರು ತಿಂಗಳ ಕಟ್ಟು. ಸಂಬಳ ವಾರದ ಲೆಕ್ಕ. ಅದೂ 52 ವಾರಕ್ಕಲ್ಲ, 40 ವಾರಕ್ಕೆ ಮಾತ್ರ ಖಾತ್ರಿ. ಉಳಿದ 12 ವಾರ ಸಂಬಳವಿಲ್ಲದ ರಜೆ. 1946ರಲ್ಲಿ ಫಾಕ್ಸ್ ಕಂಪನಿ ಮರ್ಲಿನ್ ಮನ್ರೋ ಅವರನ್ನು ತೆಗೆದುಕೊಂಡದ್ದು ವಾರಕ್ಕೆ 75 ಡಾಲರ್‌ಗೆ. ಆ ದರದಲ್ಲಿ 40 ವಾರಕ್ಕೆ 3000 ಡಾಲರ್. ಅದರಲ್ಲಿ ಏಜೆಂಟನಿಗೆ ಹತ್ತು ಪರ್ಸೆಂಟ್ ಹೋದರೆ ಉಳಿಯುವುದು 2700. ಬಟ್ಟೆ, ಬಾಡಿಗೆ, ಕೂದಲು, ಕಾರು ಎಲ್ಲ ಅದರಲ್ಲೇ. ಮರುವರ್ಷ ಆಪ್ಷನ್ ಬಿಟ್ಟರು. ಆಮೇಲೆ 1948ರಲ್ಲಿ ಕೊಲಂಬಿಯಾ ಕಂಪನಿಯ ‘ಲೇಡೀಸ್ ಆಫ್ ದ ಕೋರಸ್’ ಎಂಬ ಬಿ ಚಿತ್ರದಲ್ಲಿ ಅವರು ನಟಿಸಿದರು. ಅಲ್ಲಿಯೂ ಕರಾರು ಮುಂದುವರಿಯಲಿಲ್ಲ. ಅವರ ದಾರಿ ಆಮೇಲೆ ತಿರುಗಿತು, ಎಲ್ಲರಿಗೂ ಗೊತ್ತು. ಬಹುಪಾಲು ಹುಡುಗಿಯರ ದಾರಿ ಅಲ್ಲಿಗೇ ನಿಂತಿತು.

ಕೊಟ್ಟ ಪಾತ್ರ ಬೇಡವೆಂದರೆ ‘ಸಸ್ಪೆನ್ಷನ್’. ಸಂಬಳ ನಿಲ್ಲುತ್ತದೆ, ಬೇರೆ ಕಡೆ ಕೆಲಸ ಮಾಡುವಂತಿಲ್ಲ, ಮೇಲಾಗಿ ಆ ನಿಂತ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಏಳು ವರ್ಷ ಎಂಟಾಗುತ್ತಿತ್ತು. ಒಲಿವಿಯಾ ಡಿ ಹ್ಯಾವಿಲಂಡ್ ವಾರ್ನರ್ ಕಂಪನಿಯ ಮೇಲೆ ದಾವೆ ಹೂಡಿ, 1944ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದ ಮೇಲೆ ಈ ಪದ್ಧತಿ ಮುರಿಯಿತು. ಏಳು ವರ್ಷವೆಂದರೆ ಗೋಡೆಯ ಕ್ಯಾಲೆಂಡರಿನ ಏಳು ವರ್ಷವೇ ಎಂದು ತೀರ್ಪಾಯಿತು. ಆಕೆ ಬಿ ಚಿತ್ರಗಳ ನಟಿಯಲ್ಲ, ಆದರೆ ಸಣ್ಣ ನಟಿಯರಿಗೂ ಆ ತೀರ್ಪಿನ ನೆರಳು ಸಿಕ್ಕಿತು. ಇನ್ನೊಂದು ವಂಚನೆ ‘ಲೋನ್ ಔಟ್’. ವಾರಕ್ಕೆ 200 ಡಾಲರಿನ ನಟಿಯನ್ನು ಬೇರೆ ಕಂಪನಿಗೆ 600ಕ್ಕೆ ಕಳಿಸಿದರು ಎಂದುಕೊಳ್ಳಿ. ಮಿಕ್ಕ 400 ಆಕೆಯ ಕೈಗೆ ಬರುವುದಿಲ್ಲ, ಕಳಿಸಿದ ಕಂಪನಿಯ ಪೆಟ್ಟಿಗೆಗೆ ಹೋಗುತ್ತದೆ.

ಕರಾರು ಹೋದವರು ದಿನಗೂಲಿಗೆ ಇಳಿಯುತ್ತಿದ್ದರು. ನಟರ ಸಂಘ 1933ರಲ್ಲಿ ಹುಟ್ಟಿ, 1937ರಲ್ಲಿ ಕಂಪನಿಗಳು ಅದಕ್ಕೆ ಮಣಿದಾಗ ದಿನಗೂಲಿ ನಟರಿಗೆ ಕನಿಷ್ಠ 25 ಡಾಲರ್ ಎಂದಾಯಿತು. ಗುಂಪಿನಲ್ಲಿ ನಿಲ್ಲುವವರಿಗೆ ಐದೂವರೆ ಡಾಲರ್. ಸಣ್ಣ ಕಂಪನಿಗಳ ಚಿತ್ರದಲ್ಲಿ ಕಥೆ ಆಗಿನ ಕಾಲದ್ದೇ ಆದರೆ ಉಡುಪು ನಟಿಯದೇ. ಒಂದು ಕೋಟು, ಎರಡು ಸೂಟು, ಒಂದು ಸಂಜೆಯ ಉಡುಪು, ಹೊಂದುವ ಬೂಟು, ಟೋಪಿ ಇಟ್ಟುಕೊಂಡವರಿಗೆ ಕೆಲಸ ಬೇಗ ಸಿಗುತ್ತಿತ್ತು. ಹಾಗಾಗಿ ಅದೇ ಕೋಟು ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಕಂಡರೆ ಅಚ್ಚರಿಪಡಬೇಕಿಲ್ಲ.

ಸೆಟ್ಟಿನ ಮೇಲಿನ ಕೆಲಸ ಹೇಗಿರುತ್ತಿತ್ತು ಎಂಬುದು ಕನ್ನಡದಲ್ಲಿ ಬರೆದದ್ದು ಕಡಿಮೆ. ಬೆಳಿಗ್ಗೆ ಐದೂವರೆ ಆರಕ್ಕೆ ಕೂದಲು, ಮೇಕಪ್ಪು. ಎಂಟು ಒಂಬತ್ತಕ್ಕೆ ಮೊದಲ ಶಾಟ್. ನೆಲದ ಮೇಲೆ ಸೀಮೆಸುಣ್ಣದಿಂದಲೋ ಟೇಪಿನಿಂದಲೋ ‘ಟಿ’ ಆಕಾರದ ಗುರುತು ಹಾಕಿರುತ್ತಾರೆ. ನಟಿ ಕೆಳಗೆ ನೋಡದೆ ನಡೆದು ಬಂದು ಅದರ ಮೇಲೇ ನಿಲ್ಲಬೇಕು. ಒಂದು ಗೇಣು ಮುಂದಾದರೆ ಫೋಕಸ್ ಹೋಗುತ್ತದೆ, ಒಂದು ಗೇಣು ಪಕ್ಕಕ್ಕಾದರೆ ಮುಖ್ಯ ದೀಪ ಕಿವಿಗೆ ಬಿದ್ದು ಮುಖ ಕತ್ತಲಾಗುತ್ತದೆ, ಇಲ್ಲವೇ ಮೈಕಿನ ಕೋಲಿನ ನೆರಳು ಹಣೆಯ ಮೇಲೆ ಬರುತ್ತದೆ. ದೊಡ್ಡ ಚಿತ್ರದಲ್ಲಾದರೆ ಇನ್ನೊಂದು ಟೇಕ್. ಇಲ್ಲಿ ಮಾತು ತಪ್ಪದಿದ್ದರೆ ಅದನ್ನೇ ಇಟ್ಟುಕೊಂಡು ಮುಂದಿನ ಶಾಟ್‌ಗೆ ಹೋಗುತ್ತಿದ್ದರು. ಆದ್ದರಿಂದ ಒಂದೇ ಸಲಕ್ಕೆ ಗುರುತಿಗೆ ಬಂದು, ಮಾತು ತಪ್ಪದೆ, ದೀಪದ ಬಿಸಿಗೆ ಬೆವರದೆ ಮುಗಿಸುವವರಿಗೆ ಮತ್ತೆ ಮತ್ತೆ ಕರೆ ಬರುತ್ತಿತ್ತು. ಇದು ಸಣ್ಣ ವಿದ್ಯೆಯಲ್ಲ.

ರಾತ್ರಿಯ ದೃಶ್ಯವನ್ನು ಹಗಲಲ್ಲೇ ತೆಗೆಯುವ ಉಪಾಯವೊಂದು ನೋಡಿ. ರಾತ್ರಿ ಹೊರಾಂಗಣ ಎಂದರೆ ದೀಪ, ಜನರೇಟರು, ಹೆಚ್ಚಿನ ಕೂಲಿ. ಅದನ್ನು ಉಳಿಸಲು ಕಪ್ಪುಬಿಳುಪು ಫಿಲಂಗೆ ಮಸೂರದ ಮುಂದೆ ಕೆಂಪು ಫಿಲ್ಟರ್ ಹಾಕಿ, ಬೆಳಕನ್ನು ಕಡಿಮೆ ಬಿಟ್ಟು ತೆಗೆಯುತ್ತಾರೆ. ನೀಲಿ ಆಕಾಶ ಕಪ್ಪಾಗಿ ರಾತ್ರಿಯಂತೆ ಕಾಣುತ್ತದೆ. ಆದರೆ ಅದೇ ಕೆಂಪು ಫಿಲ್ಟರ್ ಕೆಂಪು ಬಣ್ಣವನ್ನೆಲ್ಲ ಬಿಳುಪು ಮಾಡುತ್ತದೆ. ಹಗಲಿನ ಲಿಪ್‌ಸ್ಟಿಕ್ ಹಚ್ಚಿಕೊಂಡೇ ನಿಂತರೆ ತುಟಿ ಮಾಯ, ಮುಖ ಸುಣ್ಣ ಬಳಿದ ಗೋಡೆ. ಅದಕ್ಕೆ ಕಂದುಬಣ್ಣದ ಗಾಢ ಲಿಪ್‌ಸ್ಟಿಕ್ ಬೇಕು, ಅಥವಾ ಕೆಂಪಿನ ಜತೆಗೆ ತೆಳು ಹಸಿರು ಫಿಲ್ಟರ್ ಸೇರಿಸಬೇಕು. ಇನ್ನೊಂದು ತೊಂದರೆ ಬಿಸಿಲಿಗೆ ಬೀಳುವ ನೆರಳು. ನಡುಹಗಲ ಗಿಡ್ಡ ನೆರಳು ಮೂಗಿನ ಕೆಳಗೆ ಬಿದ್ದರೆ ಅದು ಬೆಳದಿಂಗಳೆಂದು ಯಾರೂ ನಂಬುವುದಿಲ್ಲ. ಸೂರ್ಯ ನಟಿಯ ಬೆನ್ನ ಹಿಂದೆ ಇರಬೇಕು. ಹಳೆಯ ಬಿ ಚಿತ್ರದ ‘ರಾತ್ರಿ’ಯಲ್ಲಿ ಕೂದಲ ಅಂಚು ಹೊಳೆಯುತ್ತ, ಮುಖ ಮಂಕಾಗಿ ಕಾಣುವುದು ಇದಕ್ಕೇ.

ಕಾರಿನ ದೃಶ್ಯಕ್ಕೆ ಹಿಂಬದಿ ಪರದೆ. ಅರ್ಧ ಕಾರಿನಲ್ಲಿ ನಟಿಯನ್ನು ಕೂರಿಸಿ, ಹಿಂದಿನ ಪರದೆಯ ಮೇಲೆ ಮೊದಲೇ ತೆಗೆದ ರಸ್ತೆಯನ್ನು ಹಿಂದಿನಿಂದ ಬಿಡುತ್ತಾರೆ. ಪ್ರೊಜೆಕ್ಟರಿನ ಷಟರೂ ಕ್ಯಾಮೆರಾದ ಷಟರೂ ಒಂದೇ ಹೊತ್ತಿಗೆ ತೆರೆದು ಮುಚ್ಚಬೇಕು. ತಪ್ಪಿದರೆ ರಸ್ತೆ ಮಿನುಗುತ್ತದೆ. ಇಬ್ಬರು ಆಳುಗಳು ಮರದ ತೊಲೆಯಿಂದ ಕಾರನ್ನು ಅಲ್ಲಾಡಿಸುತ್ತಿರುತ್ತಾರೆ. ಪಿಆರ್‌ಸಿಯ 1945ರ ‘ಡಿಟೂರ್’ ಚಿತ್ರದ ಸಾಕಷ್ಟು ಭಾಗ ಇಂಥ ಕಾರಿನಲ್ಲೇ ನಡೆಯುತ್ತದೆ. ಅದರಲ್ಲಿ ಒಂದು ವಿಚಿತ್ರ ಇದೆ. ನಾಯಕ ರಸ್ತೆಯಲ್ಲಿ ಕೈ ತೋರಿಸಿ ಕಾರು ಹತ್ತುವ ಕೆಲವು ಶಾಟ್‌ಗಳಲ್ಲಿ ಸ್ಟಿಯರಿಂಗ್ ಬಲಗಡೆ, ಕಾರು ರಸ್ತೆಯ ಎಡಗಡೆ, ಥೇಟ್ ನಮ್ಮೂರಿನ ಹಾಗೆ. ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೊರಟವನು ಪರದೆಯ ಮೇಲೆ ಬಲದಿಂದ ಎಡಕ್ಕೇ ಸಾಗಬೇಕು ಎಂದು ನಿರ್ದೇಶಕ ಎಡ್ಗರ್ ಉಲ್ಮರ್ ನೆಗೆಟಿವ್ ತಿರುಗಿಸಿ ಅಚ್ಚು ಹಾಕಿಸಿದರು. ಹೊಸದಾಗಿ ತೆಗೆಯಲು ಹಣವಿರಲಿಲ್ಲ.

ಆ ಚಿತ್ರದಲ್ಲಿ ಆ್ಯನ್ ಸ್ಯಾವೇಜ್ ಬರುವುದು ಅರ್ಧ ಕಥೆ ಮುಗಿದ ಮೇಲೆ. ರಸ್ತೆ ಬದಿಯ ಧೂಳು ಮೆತ್ತಿದ ಹೆಂಗಸಾಗಿ ಕಾಣಲು ಅವರ ಕೂದಲಿಗೆ ಕೋಲ್ಡ್ ಕ್ರೀಮ್ ಹಚ್ಚಿ ಎಳೆ ಎಳೆಯಾಗಿ ಅಂಟಿಸಿದರು. ಯಾವ ನಾಯಕಿಯೂ ಬಯಸದ ಮೇಕಪ್ಪು ಅದು. ಆಕೆ ಕಾರಿನಲ್ಲಿ ಕಣ್ಣು ಮುಚ್ಚಿ ಒರಗಿದ್ದು, ತಟ್ಟನೆ ತಲೆ ತಿರುಗಿಸಿ ಹೆಣದ ಬಗ್ಗೆ ಕೇಳುವ ಆ ಒಂದು ಗಳಿಗೆ ನೋಡಿದವರು ಮರೆಯುವುದಿಲ್ಲ. 1992ರಲ್ಲಿ ಆ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಸ್ಯಾವೇಜ್ ಆಮೇಲೆ ವಕೀಲರ ಕಚೇರಿಯಲ್ಲಿ ಕೆಲಸ ಮಾಡಿದರು, ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದರು, 2007ರಲ್ಲಿ ಕೆನಡಾದ ಚಿತ್ರವೊಂದರಲ್ಲಿ ಮತ್ತೆ ನಟಿಸಿದರು. ನಿಮ್ಮ ಬರಹದಲ್ಲಿ ಇದರ ಒಂದು ಅಕ್ಷರವೂ ಇಲ್ಲ.

ಮೇರಿ ವಿಂಡ್ಸರ್ ಬಗ್ಗೆ ಇನ್ನೂ ಹೆಚ್ಚು ಹೇಳಬೇಕು. ಹುಟ್ಟಿದ್ದು 1919ರಲ್ಲಿ, ಯೂಟಾ ರಾಜ್ಯದ ಮೇರೀಸ್‌ವೇಲ್ ಎಂಬ ಸಣ್ಣ ಊರಿನಲ್ಲಿ. ನಿಜವಾದ ಹೆಸರು ಎಮಿಲಿ ಮೇರಿ ಬರ್ಟೆಲ್ಸನ್. ನಟನೆ ಕಲಿತದ್ದು ರಷ್ಯದಿಂದ ಬಂದಿದ್ದ ಮಾರಿಯಾ ಔಸ್ಪೆನ್‌ಸ್ಕಾಯಾ ಅವರ ಬಳಿ. ಎತ್ತರ ಐದು ಅಡಿ ಒಂಬತ್ತು ಅಂಗುಲ, ಅದೇ ಅವರಿಗೆ ತೊಡಕಾಯಿತು. ನಾಯಕ ನಟರು ಅನೇಕರು ಅವರಿಗಿಂತ ಕುಳ್ಳು. ಹೀಗಾದಾಗ ನಾಯಕನ ಕಾಲ ಕೆಳಗೆ ಮರದ ಪೆಟ್ಟಿಗೆ ಇಡುತ್ತಾರೆ. ಸ್ಟುಡಿಯೋದಲ್ಲಿ ಅದಕ್ಕೆ ‘ಆ್ಯಪಲ್ ಬಾಕ್ಸ್’ ಎನ್ನುವುದು. ಪೂರ್ತಿಯದು ಎಂಟು ಅಂಗುಲ ಎತ್ತರ, ಅರ್ಧದ್ದು ನಾಲ್ಕು, ಕಾಲಿನದು ಎರಡು, ಎಲ್ಲಕ್ಕಿಂತ ತೆಳುವಿನದು ಒಂದು. ನಿಂತು ಮಾತಾಡುವ ಶಾಟ್‌ಗೆ ಇದು ಸಾಕು. ನಡೆಯುವ ಶಾಟ್‌ಗೆ ಸಾಲದು. ಆಗ ಎತ್ತರದ ನಟಿಯೇ ಚಪ್ಪಟೆ ಬೂಟು ಹಾಕಿ, ಲಂಗದೊಳಗೆ ಮಂಡಿ ಬಗ್ಗಿಸಿ ನಡೆಯಬೇಕು, ಮುಖದಲ್ಲಿ ಅದು ಗೊತ್ತಾಗಬಾರದು. ಇಷ್ಟು ತಾಪತ್ರಯ ಏಕೆಂದು ದೊಡ್ಡ ಕಂಪನಿಗಳು ಎತ್ತರದವರನ್ನು ನಾಯಕಿಯ ಪಾತ್ರದಿಂದ ತಪ್ಪಿಸಿ, ಕತ್ತರಿಸಿದಂತೆ ಮಾತಾಡುವ ಕೆಟ್ಟ ಹೆಂಗಸಿನ ಪಾತ್ರಗಳಿಗೆ ಹಾಕುತ್ತಿದ್ದವು.

ವಿಂಡ್ಸರ್ ಅವರನ್ನು ನೋಡಬೇಕಾದದ್ದು ‘ದಿ ನ್ಯಾರೋ ಮಾರ್ಜಿನ್’ ಚಿತ್ರದಲ್ಲಿ. ಆರ್‌ಕೆಒದ ಬಿ ಚಿತ್ರ, 71 ನಿಮಿಷ, ನಿರ್ದೇಶಕ ರಿಚರ್ಡ್ ಫ್ಲೈಷರ್. ಕಥೆ ಬಹುಪಾಲು ಷಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಹೋಗುವ ರೈಲಿನ ಒಳಗೆ. ರೈಲಿನ ಡಬ್ಬಿಯ ಸೆಟ್ಟನ್ನು ಅಲ್ಲಾಡುವ ಹಾಗೆ ಸ್ಪ್ರಿಂಗಿನ ಮೇಲೆ ಕಟ್ಟಿದರೆ ಖರ್ಚು. ಆದ್ದರಿಂದ ಸೆಟ್ಟನ್ನು ನೆಲಕ್ಕೆ ಬಿಗಿದು ಕ್ಯಾಮೆರಾವನ್ನು ಅಲುಗಿಸಿದರು. ಇಕ್ಕಟ್ಟಿನ ಕೋಣೆಗಳಲ್ಲಿ ಕ್ಯಾಮೆರಾ ಕೈಯಲ್ಲೇ ಹಿಡಿದದ್ದೂ ಉಂಟು. ಹಿನ್ನೆಲೆ ಸಂಗೀತವೇ ಇಲ್ಲ, ಬರೀ ಚಕ್ರ, ಸೀಟಿ, ಬಾಗಿಲಿನ ಸದ್ದು. ಒಂದು ಕಡೆ ವಿಂಡ್ಸರ್ ಸಿಟ್ಟಿನಿಂದ ಉಗುರು ಉಜ್ಜಿಕೊಳ್ಳುತ್ತಿರುತ್ತಾರೆ, ಕೈ ಸರ್ರು ಸರ್ರು ಎಂದು ಹಿಂದೆ ಮುಂದೆ. ಮರುಕ್ಷಣ ಅದೇ ಲಯದಲ್ಲಿ ಎಂಜಿನ್ನಿನ ಚಕ್ರದ ಸರಳು. ಮಾತಿಲ್ಲದೆ, ಕಾಸು ಖರ್ಚಿಲ್ಲದೆ, ಆ ಹೆಂಗಸಿನ ಒಳಗಿನ ಉರಿಯೂ ರೈಲಿನ ಓಟವೂ ಒಂದಾಗಿಬಿಡುತ್ತವೆ. ಚಿತ್ರ 1950ರಲ್ಲೇ ಮುಗಿದಿತ್ತು. ಕಂಪನಿಯ ಯಜಮಾನ ಹವರ್ಡ್ ಹ್ಯೂಸ್ ಅದನ್ನು ಬಿಡುಗಡೆ ಮಾಡದೆ ಇಟ್ಟುಕೊಂಡರು, ತೆರೆಗೆ ಬಂದದ್ದು 1952ರಲ್ಲಿ. ಬಿ ಚಿತ್ರವಾಗಿಯೂ ಅದರ ಕಥೆ ಆಸ್ಕರ್ ಸ್ಪರ್ಧೆಯ ಪಟ್ಟಿಯಲ್ಲಿತ್ತು. ಅದರಲ್ಲಿನ ವಿಂಡ್ಸರ್ ಅವರನ್ನು ನೋಡಿಯೇ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ‘ದಿ ಕಿಲ್ಲಿಂಗ್’ ಚಿತ್ರಕ್ಕೆ ಕರೆದರು. 1956ರಲ್ಲಿ ಅದನ್ನೂ ಇನ್ನೊಂದು ಚಿತ್ರದ ಜತೆ ಎರಡನೆಯದಾಗಿ ಬಿಡುಗಡೆ ಮಾಡಿದರು ಎಂಬುದು ಗಮನಿಸಬೇಕಾದ ಮಾತು. ಇಂದು ಜೋಡಿಯ ಮೊದಲನೆಯದನ್ನು ಯಾರೂ ನೆನೆಯುವುದಿಲ್ಲ.

ಇದೇ ವಿಂಡ್ಸರ್ ನಮ್ಮ ಪಕ್ಕದ ಸೀಮೆಯ ಚಿತ್ರದಲ್ಲಿ ನಟಿಸಿದ್ದಾರೆ ಎಂಬುದನ್ನು ನಿಮ್ಮ ಬರಹಗಾರರು ಬಿಟ್ಟದ್ದು ದೊಡ್ಡ ನಷ್ಟ. ಕೋಲಾರದಿಂದ ಕೃಷ್ಣಗಿರಿ, ಧರ್ಮಪುರಿ ದಾಟಿದರೆ ಸೇಲಂ. ಅಲ್ಲಿ ಟಿ. ಆರ್. ಸುಂದರಂ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಎಂಬ ಸ್ಟುಡಿಯೋ ಇತ್ತು. ಏರ್ಕಾಡು ರಸ್ತೆಯಲ್ಲಿ ಅದರ ಹೆಬ್ಬಾಗಿಲಿನ ಕಮಾನು ಈಗಲೂ ನಿಂತಿದೆ. ಆ ಸ್ಟುಡಿಯೋ ಮತ್ತು ಅಮೆರಿಕದ ಲಿಪ್ಪರ್ಟ್ ಕಂಪನಿ ಕೂಡಿ ‘ದಿ ಜಂಗಲ್’ ಎಂಬ ಚಿತ್ರ ಮಾಡಿದವು. ಬಿಡುಗಡೆ 1952, ನಿರ್ದೇಶಕ ವಿಲಿಯಂ ಬರ್ಕ್, ನಾಯಕರಾಗಿ ರಾಡ್ ಕ್ಯಾಮರಾನ್ ಮತ್ತು ಸೀಸರ್ ರೊಮೆರೊ. ವಿಂಡ್ಸರ್‌ಗೆ ರಾಜಕುಮಾರಿ ಸೀತೆಯ ಪಾತ್ರ. ಕಾಡಿನ ಆನೆಗಳು ಊರಿನ ಮೇಲೆ ಏಕೆ ನುಗ್ಗುತ್ತಿವೆ ಎಂದು ಹುಡುಕಿ ಹೊರಟವರಿಗೆ ಹಿಮಯುಗದ ಮ್ಯಾಮತ್‌ಗಳು ಎದುರಾಗುತ್ತವೆ. ಮ್ಯಾಮತ್ ಎಲ್ಲಿಂದ ತರುವುದು? ನಮ್ಮ ಆನೆಗಳಿಗೇ ಜೂಲುಕೂದಲು ಹೊದಿಸಿದರು. ಬಿ ಚಿತ್ರದ ಕಾಸಿನ ಲೆಕ್ಕಕ್ಕೆ ಸೇಲಂ ಏಕೆ ಸರಿಹೋಯಿತೆಂದರೆ ಸ್ಟುಡಿಯೋ, ಆನೆ, ಜನ, ಕಾಡು ಎಲ್ಲ ಒಂದೇ ಕಡೆ ಸಿಕ್ಕವು. ಹಾಲಿವುಡ್‌ನಿಂದ ಬರಬೇಕಾದದ್ದು ಮುಖ್ಯ ನಟರು, ನಿರ್ದೇಶಕರಂಥ ಕೆಲವರು ಮಾತ್ರ. ತಮಿಳಿನಲ್ಲಿ ‘ಕಾಡು’ ಎಂಬ ಹೆಸರಿನಲ್ಲಿ ಬಂತು. ಕಥೆ ಬಲಹೀನ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕೋಲಾರದ ಓದುಗರಿಗೆ ಬಿ ಚಿತ್ರವೆಂದರೆ ಏನೆಂದು ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಬೆವರ್ಲಿ ಗಾರ್ಲಂಡ್ ವಿಷಯಕ್ಕೆ ಬರೋಣ. ಅವರು ನಿರ್ದೇಶಕ ರೋಜರ್ ಕಾರ್ಮನ್ ಅವರ ‘ಗನ್‌ಸ್ಲಿಂಗರ್’ ಚಿತ್ರದಲ್ಲಿ ಗಂಡನ ಕೊಲೆಯಾದ ಮೇಲೆ ಊರಿನ ಪೊಲೀಸ್ ಅಧಿಕಾರ ವಹಿಸಿಕೊಳ್ಳುವ ಹೆಂಗಸು. ಆರು ದಿನದ ಶೂಟಿಂಗ್. ಬಹುಪಾಲು ದಿನ ಮಳೆ, ಕೆಸರಿನಲ್ಲಿ ಕ್ಯಾಮೆರಾ ಹೂತುಹೋಗುವ ಸ್ಥಿತಿ. ಜತೆಯ ನಟಿ ಆ್ಯಲಿಸನ್ ಹೇಸ್ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡರು. ಮುಂದೆ 1957ರಲ್ಲಿ ಗಾರ್ಲಂಡ್ ‘ಡಿಕಾಯ್’ ಎಂಬ ಟಿವಿ ಸರಣಿಯ 39 ಕಂತುಗಳಲ್ಲಿ ನ್ಯೂಯಾರ್ಕಿನ ಮಹಿಳಾ ಪೊಲೀಸ್ ಆದರು. ಅಮೆರಿಕದ ಟಿವಿಯಲ್ಲಿ ಹೆಂಗಸೊಬ್ಬಳೇ ಮುಖ್ಯ ಪಾತ್ರವಾಗಿದ್ದ ಮೊದಲ ಪೊಲೀಸ್ ಸರಣಿ ಅದು.

ಹೇಸ್ ಅವರ ಹೆಸರು ನಿಮ್ಮಲ್ಲಿ ಇಲ್ಲ, ಆದರೆ ಚಿತ್ರ ಪ್ರಸಿದ್ಧ: 1958ರ ‘ಅಟ್ಯಾಕ್ ಆಫ್ ದ 50 ಫೂಟ್ ವುಮನ್’, 65 ನಿಮಿಷ. ಅದರಲ್ಲಿ ದೈತ್ಯಾಕಾರದ ನಾಯಕಿಯ ಮೈಯೊಳಗಿಂದ ಹಿಂದಿನ ಬೆಟ್ಟ ಗುಡ್ಡ ಕಾಣುತ್ತವೆ. ಹಿನ್ನೆಲೆಯಲ್ಲಿ ನಟಿಯ ಆಕಾರದಷ್ಟು ಜಾಗವನ್ನು ಮರೆಮಾಡಿ ಎರಡು ಬಿಂಬಗಳನ್ನು ಕೂಡಿಸುವ ದುಬಾರಿ ಕೆಲಸ ಬಿಟ್ಟು ಒಂದರ ಮೇಲೊಂದು ಹಾಗೇ ಅಚ್ಚು ಹಾಕಿದ್ದರ ಫಲ ಅದು. ತಪ್ಪು ನಟಿಯದಲ್ಲ.

ಚೀನೀ ಮೂಲದ ಅನ್ನಾ ಮೇ ವಾಂಗ್ ದೊಡ್ಡ ಚಿತ್ರಗಳಲ್ಲಿ ನಾಯಕಿಯಾಗುವುದನ್ನು ಬಣ್ಣಭೇದ ತಡೆಯಿತು. ಪ್ಯಾರಮೌಂಟಿನ ಬಿ ವಿಭಾಗದ 1937ರ ‘ಡಾಟರ್ ಆಫ್ ಶಾಂಘೈ’ ಚಿತ್ರದಲ್ಲಿ ಅವರೇ ನಾಯಕಿ, ಕಥೆಯನ್ನು ಮುನ್ನಡೆಸುವವರೂ ಅವರೇ. ಕಡಿಮೆ ಹಣದ ಚಿತ್ರದಲ್ಲಿ ಕಂಪನಿಯ ಕಾವಲೂ ಕಡಿಮೆ. ಆ ಸಂದಿಯಲ್ಲಿ ಇಂಥ ಪಾತ್ರಗಳು ನುಸುಳಿಕೊಂಡವು. ಲೂಸಿಲ್ ಬಾಲ್ ಕೂಡ ಆರ್‌ಕೆಒದಲ್ಲಿ ವರ್ಷಗಟ್ಟಲೆ ಬಿ ಚಿತ್ರಗಳ ರಾಣಿ ಎನಿಸಿಕೊಂಡವರು. 1951ರಲ್ಲಿ ಟಿವಿಗೆ ಹೋದರು. 1957ರಲ್ಲಿ ಅವರೂ ಅವರ ಗಂಡನೂ ಕಟ್ಟಿದ ಡೆಸಿಲು ಕಂಪನಿ 60 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಆ ಆರ್‌ಕೆಒ ಸ್ಟುಡಿಯೋವನ್ನೇ ಕೊಂಡಿತು.

ಈ ವ್ಯವಸ್ಥೆ ಮುರಿದದ್ದು 1948ರ ಮೇ ತಿಂಗಳ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಕಂಪನಿಗಳು ತಮ್ಮ ಚಿತ್ರಮಂದಿರಗಳನ್ನು ಬಿಡಬೇಕಾಯಿತು, ಒಂದು ಒಳ್ಳೆಯ ಚಿತ್ರದ ಬಾಲಕ್ಕೆ ನಾಲ್ಕು ಸಾಧಾರಣ ಚಿತ್ರ ಕಟ್ಟಿ ಮಾರುವುದು ನಿಂತಿತು. ಅಷ್ಟರಲ್ಲಿ ಟಿವಿ ಮನೆಗೆ ಬಂತು. ಎರಡನೆಯ ಚಿತ್ರಕ್ಕೆ ಖಾತ್ರಿಯ ಗಿರಾಕಿ ಇಲ್ಲದಾದ. ಕರಾರಿನ ನಟಿಯರನ್ನು ಕಂಪನಿಗಳು ಒಬ್ಬೊಬ್ಬರನ್ನಾಗಿ ಬಿಟ್ಟವು. ಅನೇಕರಿಗೆ ಟಿವಿಯೇ ಹೊಟ್ಟೆ ಹೊರೆಯಿತು. ದಿನಕ್ಕೆ ಹತ್ತು ಪುಟ ಒಪ್ಪಿಸಿ ಪಳಗಿದವರಿಗೆ ಟಿವಿಯ ವೇಗ ಹೊಸದಲ್ಲ.

ನಮಗೆ ಬಹಳ ನೋವು ತರುವ ಸಂಗತಿ ಒಂದಿದೆ. ಇವರ ಹಳೆಯ ಚಿತ್ರಗಳನ್ನು ಟಿವಿಯವರು ದಶಕಗಟ್ಟಲೆ ರಾತ್ರಿ ಹೊತ್ತು ತೋರಿಸಿ ಜಾಹೀರಾತಿನ ಹಣ ಮಾಡಿದರು. ನಟರ ಸಂಘದ 1960ರ ಮುಷ್ಕರದಿಂದ ಮರುಪ್ರದರ್ಶನದ ಪಾಲು ಸಿಕ್ಕಿತು, ಆದರೆ ಅದು 1960ರಿಂದ ಈಚೆಗೆ ತಯಾರಾದ ಚಿತ್ರಗಳಿಗೆ. ಹಿಂದಿನವುಗಳಿಗೆ ಬದಲಾಗಿ ಕಂಪನಿಗಳು ಪಿಂಚಣಿ ಮತ್ತು ಆರೋಗ್ಯದ ನಿಧಿಗೆ ಒಂದು ಗಂಟು ಕೊಟ್ಟು ಕೈತೊಳೆದುಕೊಂಡವು. ‘ಡಿಟೂರ್’ ಎಷ್ಟು ಸಾವಿರ ಸಲ ತೋರಿಸಿದರೂ ಸ್ಯಾವೇಜ್‌ಗೆ ಪಾಲಿಲ್ಲ. ಮೇರಿ ವಿಂಡ್ಸರ್ ಮುಂದೆ 25 ವರ್ಷ ಆ ಸಂಘದ ಆಡಳಿತ ಮಂಡಳಿಯಲ್ಲಿ ಕೆಲಸ ಮಾಡಿದರು. 2000ದ ಡಿಸೆಂಬರಿನಲ್ಲಿ ತೀರಿಕೊಂಡರು.

ನಿಮ್ಮ ಪುರವಣಿಗೆ ಮುಂದೆ ಇಂಥ ಬರಹ ಬಂದಾಗ ದಯವಿಟ್ಟು ಚಿತ್ರದ ಅವಧಿ, ಕಂಪನಿ ಮತ್ತು ಯಾವ ಚಿತ್ರದ ಜತೆಗೆ ಬಿಡುಗಡೆಯಾಯಿತು ಎಂಬ ಮೂರನ್ನು ನೋಡಿಕೊಳ್ಳಿ. ಅಷ್ಟರಿಂದಲೇ ಅದು ಬಿ ಚಿತ್ರವೋ ಅಲ್ಲವೋ ಬಹುಮಟ್ಟಿಗೆ ತಿಳಿಯುತ್ತದೆ. ಟೈಟಲ್ ಕಾರ್ಡಿನಲ್ಲಿ ನಟಿಯ ಹೆಸರು ಚಿತ್ರದ ಹೆಸರಿಗೆ ಮೊದಲೋ ಆಮೇಲೋ, ಒಂಟಿಯಾಗಿಯೋ ಸಾಲಿನಲ್ಲೋ ಎಂಬುದರಿಂದ ಅವರ ಕರಾರಿನ ತೂಕ ಗೊತ್ತಾಗುತ್ತದೆ. ‘ಬಿ ಚಿತ್ರ’ ಎಂದೇ ಬರೆಯಿರಿ, ‘ಗ್ರೇಡ್’ ಎಂಬ ಪದ ಬಿಡಿ. ‘ಡಿಟೂರ್’ ಹಕ್ಕುಸ್ವಾಮ್ಯದಿಂದ ಹೊರಗಿರುವ ಚಿತ್ರ. ಯಾರು ಬೇಕಾದರೂ ನೋಡಬಹುದು, ತೋರಿಸಬಹುದು. ಆದರೆ ಸವೆದ ಪ್ರತಿಗಳೇ ಹೆಚ್ಚು ಓಡಾಡುತ್ತಿವೆ. 2018ರಲ್ಲಿ ಅಮೆರಿಕದ ಅಕಾಡೆಮಿ ಸಂಗ್ರಹಾಲಯ ದುರಸ್ತಿ ಮಾಡಿದ ಪ್ರತಿಯನ್ನೇ ಹುಡುಕಿ ನೋಡಲು ಓದುಗರಿಗೆ ತಿಳಿಸಿ. ಹಳೆಯ ಪ್ರತಿಗಳಲ್ಲಿ ಸ್ಯಾವೇಜ್ ಅವರ ಕಣ್ಣು ಕಪ್ಪು ಗುಳಿಯಂತೆ ಮಾತ್ರ ಕಾಣುತ್ತದೆ.

ನಿಮ್ಮ ಜಾಲತಾಣದಲ್ಲಿ ಆ ಬರಹ ಇನ್ನೂ ಹಾಗೇ ಇದೆ. ತಲೆಬರಹವನ್ನು ತಿದ್ದಿ, ತಿದ್ದುಪಡಿಯನ್ನು ಮುದ್ರಿತ ಪುರವಣಿಯಲ್ಲೂ ಹಾಕಬೇಕೆಂದು ಕೋರುತ್ತೇವೆ. ಈಜುಡುಗೆಯ ಫೋಟೊ ತೆಗೆದು ಅದರ ಜಾಗಕ್ಕೆ ರೈಲಿನ ಡಬ್ಬಿಯಲ್ಲಿ ಉಗುರು ಉಜ್ಜುತ್ತ ಕೂತ ಮೇರಿ ವಿಂಡ್ಸರ್ ಅವರ ಚಿತ್ರ ಹಾಕಿ.

ಇಂತಿ,
ಹಳೆಯ ಚಲನಚಿತ್ರಗಳ ಕೆಲವು ಅಭ್ಯಾಸಿಗಳು,
ಕೋಲಾರ